ಓಂಕಾರಮೂರ್ತಿಯ ಗಟ್ಟಿಮೇಳದ ಗುಂಡಿ

ಚಳ್ಳಕೆರೆಯ ಗಂಡಸರಲ್ಲಿ ಅರ್ಧಕ್ಕರ್ಧ ಜನ ಓಂಕಾರಮೂರ್ತಿಯ ಗಂಟಲನ್ನು ನಂಬಿ ತಾಳಿ ಕಟ್ಟಿದವರು. ಅವನು ಪಾವಗಡ ರಸ್ತೆಯ ಕಲ್ಯಾಣ ಮಂಟಪಕ್ಕೆ ಮ್ಯಾನೇಜರು. ಕಸ ಹೊಡೆಸುವುದು, ಗ್ಯಾಸ್ ತರಿಸುವುದು, ನೀರಿನ ಟ್ಯಾಂಕರಿನವನನ್ನು ಬೈಯುವುದು ಇವೆಲ್ಲ ಅವನ ಚಿಲ್ಲರೆ ಕೆಲಸಗಳು. ದೊಡ್ಡ ಕೆಲಸ ಒಂದೇ. ಮುಹೂರ್ತದ ಹೊತ್ತಿಗೆ ಫೋಟೋದವರು, ವಿಡಿಯೋದವರು, ಮೊಬೈಲ್ ಎತ್ತಿದ ಸೋದರತ್ತೆಯರು ಎಲ್ಲ ಸೇರಿ ವೇದಿಕೆಯ ಮುಂದೆ ಗೋಡೆ ಕಟ್ಟಿಬಿಡುತ್ತಾರೆ. ಮದುವೆ ಮಾಡಿಸುವ ಅಯ್ನೋರು ಕೈ ಎತ್ತಿದ್ದು ಮೂಲೆಯಲ್ಲಿ ಕೂತ ಮೇಳದವರಿಗೆ ಕಾಣುವುದಿಲ್ಲ. ಆಗ ಓಂಕಾರಮೂರ್ತಿ ಕುರ್ಚಿ ಹತ್ತಿ ನಿಂತು, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಅರಚಬೇಕು. ಅವನು ಅರಚಿದ ಮೇಲೆ ಡೋಲು, ನಾದಸ್ವರ ಒಟ್ಟಿಗೆ ಮೊಳಗುತ್ತವೆ, ಮದುಮಗ ತಾಳಿ ಕಟ್ಟುತ್ತಾನೆ, ಜನ ಅಕ್ಷತೆ ಎಸೆಯುತ್ತಾರೆ, ಎಸೆದ ಕೈ ಒರೆಸಿಕೊಳ್ಳದೆ ಊಟದ ಹಾಲಿಗೆ ಓಡುತ್ತಾರೆ. ನಾನು ಅವನ ಪಕ್ಕದ ಮನೆಯವನು. ಓಡುವವರಲ್ಲಿ ಸಾಮಾನ್ಯವಾಗಿ ನಾನೇ ಮೊದಲಿಗ.

ಈ ಸುಖದ ಬಾಳನ್ನು ಕೆಡಿಸಿದ್ದು ಅವನ ಷಡ್ಡಕ.

ಓಂಕಾರಮೂರ್ತಿಯ ಮಾವ ಕೊಂಡ್ಲಹಳ್ಳಿಯ ಕೊಟ್ಟೂರಪ್ಪನವರಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳು ದಾಕ್ಷಾಯಿಣಿ ಇವನ ಹೆಂಡತಿ. ಎರಡನೆಯವಳ ಗಂಡ ಚಂದ್ರಶೇಖರ್‌ಗೆ ಕುದಾಪುರದ ವಿಜ್ಞಾನದ ಕ್ಯಾಂಪಸ್ಸೊಂದರಲ್ಲಿ ನೌಕರಿ. ಸಿಬ್ಬಂದಿಯ ಬಸ್ಸುಗಳು ಎಷ್ಟು ಹೊತ್ತಿಗೆ ಬಂದವು, ಎಷ್ಟು ಹೊತ್ತಿಗೆ ಹೋದವು ಎಂದು ನೋಡಿಕೊಳ್ಳುವುದು ಅವನ ಕೆಲಸ. ಆದರೆ ಯಾರಾದರೂ "ಅಲ್ಲೇನ್ ಕೆಲ್ಸಪ್ಪಾ?" ಎಂದರೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಹೊರಗೆ ಹೇಳೋ ಹಂಗಿಲ್ಲ" ಅನ್ನುತ್ತಾನೆ. ಅಷ್ಟೇ ಸಾಕಾಯಿತು, ಕೊಂಡ್ಲಹಳ್ಳಿಯಲ್ಲಿ ಅವನು ವಿಜ್ಞಾನಿಯಾಗಿಬಿಟ್ಟ. ಮಾವನ ಮನೆಗೆ ಹೋದರೆ ಅವನಿಗೆ ಮಂಚ, ಓಂಕಾರಮೂರ್ತಿಗೆ ಚಾಪೆ. ಅವನ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿತ್ತು, ಇವನದರ ಮೇಲೆ ತೊಟ್ಟಿಕ್ಕುತ್ತಿತ್ತು. ಇದನ್ನೆಲ್ಲ ಓಂಕಾರಮೂರ್ತಿ ನುಂಗಿಕೊಂಡಿದ್ದ. ಯುಗಾದಿಯ ದಿನ ಮಾತ್ರ ಕೊಟ್ಟೂರಪ್ಪನವರು ಬಂದವರೆದುರು ತಮ್ಮ ಅಳಿಯಂದಿರನ್ನು ಹೀಗೆ ಪರಿಚಯಿಸಿದರು:

"ಸಣ್ಣಳಿಯ ರಾಕೆಟ್ ಹಾರಿಸ್ತಾನೆ. ದೊಡ್ಡಳಿಯ ಕುರ್ಚಿ ಹತ್ತಿ ಅರಚ್ತಾನೆ."

ಅವತ್ತೇ ಓಂಕಾರಮೂರ್ತಿ ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿದ.

ಮೊಬೈಲಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡು ಮಂಟಪದ ಆಫೀಸಿನಲ್ಲಿ ಕೂತರೆ ಟ್ಯಾಂಕರಿನವನು ಬಂದು ಬೈಸಿಕೊಳ್ಳದೆ ವಾಪಸ್ ಹೋಗುವಂತಾಯಿತು. ಕೆಲವು ತಿಂಗಳು ಕಳೆದ ಮೇಲೆ ಒಂದು ಹಳೆಯ ಟಚ್‌ಸ್ಕ್ರೀನ್ ಕಂಪ್ಯೂಟರ್ ಮನೆಗೆ ಬಂತು. ನನ್ನನ್ನೂ ತನ್ನ ಹೆಂಡತಿಯನ್ನೂ ಎದುರು ಕೂರಿಸಿಕೊಂಡು ಉಪನ್ಯಾಸವೂ ನಡೆಯಿತು.

"ನೋಡ್ರಿ, ಪರದೆ ಮೇಲೆ ಗುಂಡಿ ಬಿಡಿಸ್ತೀವಿ. ಪ್ರೋಗ್ರಾಮು ಸುಮ್ನೆ ಕಾಯ್ತಾ ಕುಂತಿರ್ತೈತೆ. ಯಾರೋ ಬಂದು ಗುಂಡಿ ಮುಟ್ಟಿದ್ರು ಅನ್ನಿ, ಅದಕ್ಕೆ ಈವೆಂಟ್ ಅಂತಾರೆ. ಈವೆಂಟ್ ಆದ ತಕ್ಷಣ ಎದ್ದು, ಹೇಳಿದ ಕೆಲ್ಸ ಮಾಡೋನು ಒಬ್ಬ ಒಳಗಿರ್ತಾನೆ. ಅವನಿಗೆ ಹ್ಯಾಂಡ್ಲರ್ ಅಂತ ಹೆಸ್ರು."

ಶೇಂಗಾ ಆರಿಸುತ್ತಿದ್ದ ದಾಕ್ಷಾಯಿಣಿ ತಲೆ ಎತ್ತದೆ ಹೇಳಿದಳು: "ತಿವಿಯೋವರೆಗೂ ಸುಮ್ನೆ ಕೂರೋದು, ತಿವಿದ್ರೆ ಹೇಳಿದಷ್ಟೇ ಮಾಡೋದು. ಅಂಥೋನು ನಮ್ಮನೇಲಿ ಆಗ್ಲೇ ಒಬ್ಬ ಅದಾನೆ ಬಿಡ್ರಿ."

ಅಷ್ಟರಲ್ಲಿ ಮೂರನೆಯ ಮಗಳು ರೂಪಳ ಮದುವೆ ಗೊತ್ತಾಯಿತು. ಗಂಡು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ಇಟ್ಟಿರುವ ಮುರುಗೇಂದ್ರಪ್ಪನವರ ಮಗ. ಮಂಟಪ ಓಂಕಾರಮೂರ್ತಿಯದೇ. ಇವನು ಕೊಂಡ್ಲಹಳ್ಳಿಗೆ ಹೋಗಿ ಮಾವನ ಮುಂದೆ ಎದೆ ಸೆಟೆಸಿ ನಿಂತ.

"ಮಾವಾರೆ, ಈ ಮದ್ವೇಲಿ ನಾನು ಅರಚಲ್ಲ. ಗಟ್ಟಿಮೇಳಕ್ಕೆ ಗುಂಡಿ ಮಾಡೀನಿ. ಒತ್ತಿದ್ರೆ ಮೇಳದೋರ ಮುಂದೆ ಕೆಂಪು ಬಲ್ಬ್ ಹತ್ತುತ್ತೆ. ಬಲ್ಬ್ ಕಂಡ ತಕ್ಷಣ ಊದ್ತಾರೆ."

ಕೊಟ್ಟೂರಪ್ಪನವರು ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು. "ನೋಡಪ್ಪಾ, ಬೀಗರು ದೊಡ್ಡೋರು. ಗಟ್ಟಿಮೇಳ ಇಲ್ದೆ ತಾಳಿ ಕಟ್ಟಿದ್ರೆ ನನ್ನ ಮುಖಕ್ಕೆ ಉಗೀತಾರೆ. ಮುಹೂರ್ತದಾಗೆ ಮೇಳ ತಪ್ತೋ, ನೀನು ಈ ಹೊಸ್ತಿಲು ತುಳಿಬ್ಯಾಡ."

"ತಪ್ಪದೇ ಇದ್ರೆ?"

"ತಪ್ಪದೇ ಇದ್ರೆ ಎಲ್ಲಾರ ಮುಂದೆ ಶಾಲು ಹೊದ್ಸಿ ಇಂಜಿನಿಯರ್ ಅಂತ ಕರೀತೀನಿ. ಆತಾ?"

ಆತು ಎಂದು ಓಂಕಾರಮೂರ್ತಿ ಒಪ್ಪಿಕೊಂಡು ಬಂದ. ಪಾಪ, ಚಾಪೆಯ ಮೇಲೆ ಮಲಗಿ ಮಲಗಿ ಅವನ ಸೊಂಟವೂ ನೊಂದಿತ್ತು.

ಕಂಪ್ಯೂಟರನ್ನು ತಂದು ವೇದಿಕೆಯ ಮೇಲೆ, ಮದುಮಕ್ಕಳು ಕೂರುವ ಜಾಗದ ಪಕ್ಕದಲ್ಲೇ ಇಟ್ಟ. ಗುಂಡಿಗಳು ಒಟ್ಟು ನಾಲ್ಕು: ಗಟ್ಟಿಮೇಳ, ದೀಪ, ಊಟ, ಹೂಮಳೆ. ದೀಪ ಒತ್ತಿದರೆ ವೇದಿಕೆಯ ದೀಪ. ಊಟ ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ. ಹೂಮಳೆ ಒತ್ತಿದರೆ ಮದುಮಕ್ಕಳ ತಲೆಯ ಮೇಲೆ ಕಟ್ಟಿದ ಫ್ಯಾನು ತಿರುಗಿ ಗುಲಾಬಿ ಎಸಳು ಉದುರುತ್ತವೆ. ಎಲ್ಲಕ್ಕೂ ಕಾನೂನು ಒಂದೇ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಮದುವೆಯ ಹಿಂದಿನ ದಿನ ಎಲ್ಲ ಪರೀಕ್ಷೆ ಮಾಡಿದ, ಎಲ್ಲವೂ ಹೇಳಿದ ಮಾತು ಕೇಳಿದವು. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಈ ಕಥೆಯನ್ನು ನಾನು ಹೇಳಬೇಕಾಗಿರಲಿಲ್ಲ.

ಓಂಕಾರಮೂರ್ತಿಯ ಬೆರಳು ದಪ್ಪ. ಸಂಜೆ ಒಮ್ಮೆ ಗಟ್ಟಿಮೇಳ ಒತ್ತಲು ಹೋಗಿ ಪಕ್ಕದ ಖಾಲಿ ಜಾಗಕ್ಕೆ ಒತ್ತಿದ. ಬಲ್ಬ್ ಹತ್ತಲಿಲ್ಲ. ನಾಳೆ ಮುಹೂರ್ತದಲ್ಲಿ ಹೀಗಾದರೆ? ತಕ್ಷಣ ಬುದ್ಧಿ ಓಡಿಸಿದ. ನಾಲ್ಕೂ ಗುಂಡಿಗಳನ್ನು ಸುತ್ತುವರಿದ ಒಂದು ಚೌಕಟ್ಟು ಪರದೆಯ ಮೇಲಿತ್ತು, ನಡುವೆ ಬಾಳೆಕಂಬ, ಕಳಶದ ಚಿತ್ರ. ಆ ಇಡೀ ಚೌಕಟ್ಟಿಗೂ ಗಟ್ಟಿಮೇಳದ ಕೆಲಸವನ್ನೇ ಹಚ್ಚಿಬಿಟ್ಟ. ಇನ್ನು ಬೆರಳು ಖಾಲಿ ಜಾಗದಲ್ಲಿ ಎಲ್ಲಿ ಬಿದ್ದರೂ ಮೇಳ ಮೊಳಗುತ್ತದೆ! ಪರೀಕ್ಷೆ ಮಾಡುವಷ್ಟರಲ್ಲಿ ಗ್ಯಾಸಿನ ಸಿಲಿಂಡರ್ ಬಂತು. ಒಂದು ಸಾಲು ತಾನೇ ಎಂದುಕೊಂಡು ಎದ್ದುಹೋದ.

ಈ ಗುಂಡಿಗಳ ಲೋಕದಲ್ಲಿ ಒಂದು ಪದ್ಧತಿ ಇದೆಯಂತೆ, ನಮ್ಮ ಕಡೆಯ ಮನೆಗಳ ಪದ್ಧತಿಯೇ ಅದು. ಬೀದಿಯಲ್ಲಿ ಆಡುವ ಕೂಸನ್ನು ಯಾರಾದರೂ ಗದರಿಸಿದರೆ ಸುದ್ದಿ ಕೂಸಿನಲ್ಲೇ ನಿಲ್ಲುವುದಿಲ್ಲ. ಅವ್ವನಿಗೆ ಹೋಗುತ್ತದೆ, ಅಲ್ಲಿಂದ ಅಜ್ಜಿಗೆ ಹೋಗುತ್ತದೆ, ಒಬ್ಬೊಬ್ಬರೂ ಎದ್ದು ಬಂದು ತಮ್ಮ ಪಾಲಿನ ಜಗಳ ಆಡಿ ಹೋಗುತ್ತಾರೆ. ಹಾಗೆಯೇ ಚೌಕಟ್ಟಿನೊಳಗಿನ ಯಾವ ಗುಂಡಿಯನ್ನು ಒತ್ತಿದರೂ ಗುಂಡಿ ತನ್ನ ಕೆಲಸ ಮಾಡುತ್ತದೆ, ಆಮೇಲೆ ಸುದ್ದಿ ಚೌಕಟ್ಟಿಗೂ ಮುಟ್ಟಿ ಅದು ತನ್ನ ಕೆಲಸ ಮಾಡುತ್ತದೆ. ಇದನ್ನು ತಡೆಯುವುದು ಹೇಗೆಂದು ವಿಡಿಯೋದ ಮೇಷ್ಟ್ರು ಇಡೀ ಒಂದು ಪಾಠ ಹೇಳಿದ್ದರು. ಅವತ್ತು ಓಂಕಾರಮೂರ್ತಿಯ ಡೇಟಾ ಮುಗಿದಿತ್ತು.

ಮದುವೆಯ ದಿನ ಬೆಳಿಗ್ಗೆ. ವೇದಿಕೆಯ ಮೇಲೆ ಕೊಟ್ಟೂರಪ್ಪನವರು ಬಾಳೆಕಂಬ ನೆಟ್ಟಗೆ ಮಾಡುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಅನ್ನಪೂರ್ಣಮ್ಮ ಕಳಶ ಹಿಡಿದು ನಿಂತಿದ್ದರು. ಕೆಳಗೆ ಐದಾರು ಮುದುಕಿಯರು ಅಕ್ಕಿಗೆ ಅರಿಸಿನ ಕಲಸಿ ಅಕ್ಷತೆ ಮಾಡುತ್ತಿದ್ದರು. ಕತ್ತಲಿದೆಯೆಂದು ಓಂಕಾರಮೂರ್ತಿ ದೀಪದ ಗುಂಡಿ ಒತ್ತಿದ.

ದೀಪ ಹತ್ತಿತು. ಮೂಲೆಯಲ್ಲಿ ಕೆಂಪು ಬಲ್ಬೂ ಹತ್ತಿತು. ಕಾಫಿ ಕುಡಿಯುತ್ತಿದ್ದ ನಾದಸ್ವರದ ತಿಪ್ಪೇಸ್ವಾಮಿ ಲೋಟ ಎಸೆದು ವಾದ್ಯ ಬಾಯಿಗಿಟ್ಟ. ಡೋಲಿನವನು ನಿದ್ದೆಗಣ್ಣಲ್ಲೇ ಬಾರಿಸಿದ. ಗಟ್ಟಿಮೇಳ ಕೇಳಿದರೆ ನಮ್ಮ ಜನರ ಕೈ ಸುಮ್ಮನಿರುವುದಿಲ್ಲ. ಮುದುಕಿಯರು ಕಲಸುತ್ತಿದ್ದ ಹಸಿ ಅಕ್ಷತೆಯನ್ನು ಹಿಡಿಹಿಡಿಯಾಗಿ ಎತ್ತಿ ವೇದಿಕೆಯ ಮೇಲಿದ್ದವರ ತಲೆಗೆ ಹಾಕಿಯೇಬಿಟ್ಟರು.

"ಯಾರಲೇ ಅದು!" ಎಂದು ಕೊಟ್ಟೂರಪ್ಪನವರು ಮೀಸೆಯಿಂದ ಅರಿಸಿನದಕ್ಕಿ ಕೊಡವುತ್ತ ಗುಡುಗಿದರು.

ಅನ್ನಪೂರ್ಣಮ್ಮ ಮಾತ್ರ ಸೆರಗು ಮುಂದೆ ಎಳೆದುಕೊಂಡು ತಲೆ ತಗ್ಗಿಸಿ ನಿಂತಿದ್ದರು. ಅವರ ಮುಖ ಕೆಂಪಗಾಗಿತ್ತು.

ಓಂಕಾರಮೂರ್ತಿ ಗಾಬರಿಯಿಂದ ಮತ್ತೆ ದೀಪ ಒತ್ತಿದ. ಮೇಳ ನಿಂತಿತು, ದೀಪವೂ ಆರಿತು. ಕೊನೆಗೆ ವಿಜ್ಞಾನವನ್ನು ಪಕ್ಕಕ್ಕಿಟ್ಟು ಗೋಡೆಯ ಸ್ವಿಚ್ಚಿನಿಂದ ದೀಪ ಹಾಕಿದರು. "ಎಲ್ಲೋ ವೈರ್ ತಾಗೈತೆ ಮಾವಾರೆ" ಎಂದ ಓಂಕಾರಮೂರ್ತಿ. ಅದನ್ನು ಅವನೂ ನಂಬಿದ.

ಹೊತ್ತೇರಿತು. ಹಾಲು ತುಂಬಿತು. ಅಕ್ಷತೆ ಹಂಚಿದ್ದಾಯಿತು. ಮದುಮಗ ಕೋಣೆಯಲ್ಲಿ ಪೇಟ ಸುತ್ತಿಸಿಕೊಳ್ಳುತ್ತಿದ್ದ. ವೇದಿಕೆಯ ಮೇಲೆ ಮುಂದಿನ ಸೋಫಾ ಯಾರಿಗೆಂಬ ಜಗಳ ಏರಿತ್ತು. ಒಂದು ಕಡೆ ಗಂಡಿನ ಸೋದರತ್ತೆ ರೇಣುಕಮ್ಮ, ಅರವತ್ತು ದಾಟಿದ ಗಟ್ಟಿ ಹೆಂಗಸು. ಇನ್ನೊಂದು ಕಡೆ ಕರಿ ಕನ್ನಡಕದ ಚಂದ್ರಶೇಖರ್. ಸುತ್ತ ಫೋಟೋದವರ ಗೋಡೆ. ಆಗ ಮುರುಗೇಂದ್ರಪ್ಪನವರು ಬಂದು, "ಏನ್ರಿ ಮ್ಯಾನೇಜರೇ, ನಮ್ ಕಡೆಯೋರಿಗೆ ಒಂದ್ ಕಾಫಿ ಗತಿ ಇಲ್ವಾ?" ಎಂದರು. ಬೀಗರ ಮಾತು. ಅಡುಗೆಯವರನ್ನು ಕರೆಯಲು ಓಂಕಾರಮೂರ್ತಿ ಊಟದ ಗುಂಡಿ ಒತ್ತಿದ.

ಅಡುಗೆಮನೆಯಲ್ಲಿ ಗಂಟೆ, ಮೂಲೆಯಲ್ಲಿ ಬಲ್ಬ್, ಅದರ ಹಿಂದೆಯೇ ಗಟ್ಟಿಮೇಳ!

ಇಡೀ ಹಾಲು ಎದ್ದು ನಿಂತಿತು. ಗೋಡೆಯಾಚೆ ಯಾರಿದ್ದಾರೆಂದು ಯಾರಿಗೆ ಕಾಣಬೇಕು? ಎಲ್ಲರೂ ಅಕ್ಷತೆ ಎಸೆದೆವು. ನಾನೂ ಎಸೆದೆ, ಎಸೆದವನೇ ಓಡಿದೆ. ಓಂಕಾರಮೂರ್ತಿ ಮೇಳ ನಿಲ್ಲಿಸಲು ಊಟವನ್ನೇ ಮತ್ತೊಮ್ಮೆ ಒತ್ತುವಷ್ಟರಲ್ಲಿ ನನ್ನ ಎಲೆಗೆ ಕೋಸಂಬರಿ ಬಿದ್ದಿತ್ತು. ಅಡುಗೆಯವರಿಗೆ ಗಂಟೆ ಸದ್ದಾದರೆ ಬಡಿಸಬೇಕೆಂದಷ್ಟೇ ಗೊತ್ತು. ಅವರು ಬಡಿಸಿದರು, ನಾವು ಉಂಡೆವು. ಯಾರನ್ನೂ ದೂರುವಂತಿಲ್ಲ.

ವೇದಿಕೆಯ ಕಡೆಯಿಂದ ಮುರುಗೇಂದ್ರಪ್ಪನವರ ಗಂಟಲು ನಮಗೆ ಎಲೆಯ ಮುಂದೆಯೂ ಕೇಳಿಸಿತು.

"ಬೀಗರೇ! ನಮ್ ಹುಡುಗ ಒಳಗೆ ಪೇಟ ಸುತ್ತಿಸ್ಕಣ್ತಾ ಕುಂತಾನೆ. ಇಲ್ಲಿ ತಾಳಿ ಕಟ್ಟಿದೋನು ಯಾವನ್ರೀ?"

"ವಿಜ್ಞಾನಿ ಅಂತೆ!" ಎಂದು ಹಿಂದಿನಿಂದ ಯಾರೋ ಮಾಹಿತಿ ಕೊಟ್ಟರು.

ರೇಣುಕಮ್ಮ ತುರುಬಿನಿಂದ ಅಕ್ಕಿಕಾಳು ಉದುರಿಸುತ್ತ, "ಸೋಫಾ ಬಿಡಪ್ಪಾ ಅಂದ್ರೆ ನನ್ನೇ ಕಟ್ಕಣಾಕೆ ನಿಂತಿದ್ಯಲ್ಲೋ!" ಎಂದು ಚಂದ್ರಶೇಖರ್‌ನ ಕಡೆ ಕೈ ಮಾಡಿದರು. ಅವನ ಹೆಂಡತಿ ಜನರನ್ನು ಸೀಳಿಕೊಂಡು ವೇದಿಕೆ ಹತ್ತಿ ಬಂದಳು.

"ಹೊರಗೆ ಹೇಳೋ ಹಂಗಿಲ್ಲ, ಹೇಳೋ ಹಂಗಿಲ್ಲ ಅಂತಿದ್ರಲ್ಲ, ಆ ಕೆಲ್ಸ ಇದೇ ಏನ್ರೀ?"

"ಲೇ, ನಾನು ಬಸ್ ನೋಡ್ಕಳೋನು ಕಣೇ!" ಎಂದು ಚಂದ್ರಶೇಖರ್ ಕೂಗಿದ. ವರ್ಷಗಟ್ಟಲೆ ಕಾಪಾಡಿದ್ದ ರಹಸ್ಯ ಹೀಗೆ ಹೊರಬಿತ್ತು. ಆ ಗದ್ದಲದಲ್ಲಿ ಅದು ಕೇಳಿಸಿದ್ದು ಓಂಕಾರಮೂರ್ತಿಯೊಬ್ಬನಿಗೆ. ಸಂತೋಷಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಕೊಟ್ಟೂರಪ್ಪನವರು ಮೇಳದವರ ಮೇಲೆ ಹಾರಿದರು. "ಹೊತ್ತು ಗೊತ್ತು ಇಲ್ವೇನ್ರಲೇ ನಿಮಗೆ?"

ತಿಪ್ಪೇಸ್ವಾಮಿ ರಾಯದುರ್ಗದ ಕಡೆಯವನು, ಸಿಟ್ಟು ಬಂದರೆ ಅರ್ಧ ತೆಲುಗು. "ಇದೇಮಿ ಅನ್ಯಾಯಂ ಸಾಮೀ! ಬಲ್ಬ್ ಹತ್ತಿದ್ರೆ ಊದು ಅಂದೋರು ನಿಮ್ ಅಳಿಯಂದ್ರೇ. ಬಲ್ಬ್ ಹತ್ತಿತ್ತು, ಊದಿದ್ವಿ."

ಎಲ್ಲರೂ ಓಂಕಾರಮೂರ್ತಿಯ ಕಡೆ ತಿರುಗಿದರು. ಅವನು, "ಇವರೇ ಸರಿಯಾಗಿ ನೋಡಿಲ್ಲ ಅನ್ಸುತ್ತೆ" ಎಂದುಬಿಟ್ಟ. ಸುಳ್ಳುಗಾರ! ಪಕ್ಕದ ಮನೆಯವನಾದರೂ ಈ ಮಾತು ಹೇಳಲೇಬೇಕು.

ತಿಪ್ಪೇಸ್ವಾಮಿಗೆ ಕಣ್ಣಲ್ಲಿ ನೀರು ಬಂತು. "ಸರಿ ಸಾಮೀ. ಇನ್ನ ಮ್ಯಾಲೆ ಬಲ್ಬ್ ಹತ್ತಿ, ಆರದೇ ನಿಂತ್ರೆ ಮಾತ್ರ ಊದ್ತೀನಿ. ಯಾರು ಕೂಗಿದ್ರೂ ಊದಲ್ಲ. ಆ ದೇವ್ರೇ ಇಳಿದು ಬಂದು ಕೂಗ್ಲಿ, ಊದಲ್ಲ."

ಹತ್ತೂವರೆಗೆ ಮುಹೂರ್ತ. ಉಂಡವರೂ ವಿಷಯ ತಿಳಿದು ವಾಪಸ್ ಬಂದೆವು. ಮದುಮಗ ಬಂದ, ರೂಪ ಬಂದಳು, ಗೋಡೆ ಮತ್ತೆ ಎದ್ದಿತು. ಅಯ್ನೋರು ಮಂತ್ರ ಹೇಳುತ್ತ ಕೈ ಎತ್ತಿದರು. ಮದುಮಗನ ಕೈಯಲ್ಲಿ ತಾಳಿ ಎದ್ದಿತು. ಓಂಕಾರಮೂರ್ತಿ ಕಣ್ಣು ಮುಚ್ಚಿ ಮನೆದೇವರನ್ನು ನೆನೆದು, ದಪ್ಪ ಬೆರಳನ್ನು ಗಟ್ಟಿಮೇಳದ ಗುಂಡಿಯ ನಟ್ಟನಡುವೆ ಒತ್ತಿದ.

ಮೇಳ ಮೊಳಗಲಿಲ್ಲ.

ಬಲ್ಬ್ ಮಿಣಕ್ಕೆಂದು ಹತ್ತಿ ಆರಿಹೋಗಿತ್ತು. ಗುಂಡಿ ತನ್ನ ಕರ್ತವ್ಯವೆಂದು ಬಲ್ಬ್ ಹಚ್ಚಿತು. ಸುದ್ದಿ ಚೌಕಟ್ಟಿಗೆ ಹೋಯಿತು. ಚೌಕಟ್ಟು ತನ್ನ ಕರ್ತವ್ಯವೆಂದು ಅದೇ ಬಲ್ಬನ್ನು ಆರಿಸಿತು. ಆ ಪರದೆಯ ಮೇಲಿದ್ದ ನಾಲ್ಕು ಗುಂಡಿಗಳಲ್ಲಿ ಮೇಳ ಊದಿಸಲಾರದ ಗುಂಡಿ ಅದೊಂದೇ.

ಓಂಕಾರಮೂರ್ತಿ ಮತ್ತೆ ಒತ್ತಿದ. ಮಿಣಕ್. ಮತ್ತೆ ಒತ್ತಿದ. ಮಿಣಕ್. ತಿಪ್ಪೇಸ್ವಾಮಿ ವಾದ್ಯ ತೊಡೆಯ ಮೇಲಿಟ್ಟುಕೊಂಡು ಬಲ್ಬನ್ನೇ ನೋಡುತ್ತ ಕೂತಿದ್ದ. ಓಂಕಾರಮೂರ್ತಿ ಕುರ್ಚಿ ಹತ್ತಿ, ಈ ಮದುವೆಗೆ ಬೇಡವೆಂದಿದ್ದ ಗಂಟಲನ್ನು ಬಿಚ್ಚಿ, "ಗಟ್ಟಿಮೇಳ! ಗಟ್ಟಿಮೇಳ! ಊದ್ರಪ್ಪೋ!" ಎಂದು ಅರಚಿದ.

"ಆರದೇ ನಿಲ್ಲಲಿ, ಊದ್ತೀನಿ," ಎಂದ ತಿಪ್ಪೇಸ್ವಾಮಿ.

ಅಯ್ನೋರ ಕೈ ಸೋತು ಇಳಿಯುತ್ತಿತ್ತು. ಮದುಮಗ ತಾಳಿ ಹಿಡಿದುಕೊಂಡೇ ಅಪ್ಪನ ಮುಖ ನೋಡಿದ, ಅಪ್ಪ ಬೀಗರ ಮುಖ ನೋಡಿದರು, ಬೀಗರು ದೊಡ್ಡಳಿಯನ ಮುಖ ನೋಡಿದರು. "ಮುಹೂರ್ತ ಮೀರ್ತೈತ್ರಪ್ಪಾ" ಎಂದರು ಅಯ್ನೋರು. ಓಂಕಾರಮೂರ್ತಿ ಕುರ್ಚಿಯಿಂದ ಇಳಿದು ಗಟ್ಟಿಮೇಳವನ್ನು ಗುದ್ದತೊಡಗಿದ.

ಆಗ ಆರತಿ ತಟ್ಟೆ ಹಿಡಿದು ನಿಂತಿದ್ದ ದಾಕ್ಷಾಯಿಣಿ ತಟ್ಟೆಯನ್ನು ಗಂಡನ ಕೈಗೆ ತುರುಕಿದಳು.

"ಸರೀರಿ ಆ ಕಡೆ. ಆಗ್ಲಿಂದ ನೋಡ್ತಾ ಇದೀನಿ. ಊಟಕ್ಕೆ ಒತ್ತಿದ್ರೆ ಮೇಳ ಬರ್ತೈತೆ, ಮೇಳಕ್ಕೆ ಒತ್ತಿದ್ರೆ ಏನೂ ಬರಲ್ಲ. ಮೇಳ ಬೇಕಾದ್ರೆ ಊಟ ಒತ್ಬೇಕು, ಅಷ್ಟೇ!"

"ಹಂಗೆ ಒತ್ತಬಾರ್ದು ಕಣೇ, ಅದು ತಪ್ಪು!" ಎಂದ ಪ್ರೋಗ್ರಾಮರ್.

ಅವಳು ಒತ್ತಿಯಾಗಿತ್ತು. ಬಲ್ಬ್ ಹತ್ತಿತು, ಹತ್ತಿ ನಿಂತಿತು. ತಿಪ್ಪೇಸ್ವಾಮಿ ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟನ್ನೆಲ್ಲ ನಾದಸ್ವರಕ್ಕೆ ಸುರಿದ. ಅಂಥ ಗಟ್ಟಿಮೇಳ ಚಳ್ಳಕೆರೆ ಕೇಳಿರಲಿಲ್ಲ. ರೂಪಳ ಕೊರಳಿಗೆ ತಾಳಿ ಬಿತ್ತು, ಮುಹೂರ್ತದೊಳಗೇ ಬಿತ್ತು. ಎಸೆಯಲು ಮಾತ್ರ ಯಾರ ಕೈಯಲ್ಲೂ ಅಕ್ಷತೆ ಇರಲಿಲ್ಲ. ಅದೆಲ್ಲ ರೇಣುಕಮ್ಮನವರ ತುರುಬಿಗೆ ಖರ್ಚಾಗಿತ್ತು. ಅಡುಗೆಮನೆಯ ಗಂಟೆಯೂ ಮೊಳಗಿದ್ದರಿಂದ ಅರ್ಧ ಹಾಲು ಮತ್ತೆ ಊಟಕ್ಕೆ ಓಡಿತು. ಎರಡನೆಯ ಸಲ ಹೋದವರ ಹೆಸರು ಹೇಳುವುದಿಲ್ಲ, ಚಿತ್ರಾನ್ನ ಚೆನ್ನಾಗಿತ್ತು.

ದಾಕ್ಷಾಯಿಣಿ ಇನ್ನೊಮ್ಮೆ ಊಟ ಒತ್ತಿ ಎಲ್ಲವನ್ನೂ ನಿಲ್ಲಿಸಿದಳು. ಓಂಕಾರಮೂರ್ತಿ ಆರತಿ ತಟ್ಟೆ ಹಿಡಿದು ವೇದಿಕೆಯ ಹಿಂದಿನ ಗೋಡೆಗೆ ಒರಗಿದ್ದ. ಕೊಟ್ಟೂರಪ್ಪನವರು ಅವನ ಮುಂದೆ ಬಂದು ನಿಂತರು.

"ನನ್ ಮೀಸೆಗೆ ಅರಿಸಿನ ಮೆತ್ತಿಸ್ದೆ. ಬೀಗರ ಮುಂದೆ ಮಾನ ಕಳ್ದೆ. ಶಾಲು ಬೇರೆ ಬೇಕಾ ನಿನಗೆ?"

"ಹೊದ್ಸಿ," ಎಂದರು ಅನ್ನಪೂರ್ಣಮ್ಮ.

ಮದುವೆಯಾದಾಗಿನಿಂದ ಗಂಡನ ಮಾತಿಗೆ ಅಡ್ಡ ಬಾರದ ಹೆಂಗಸು. ಕೊಟ್ಟೂರಪ್ಪನವರು ತಮ್ಮ ಕಿವಿಯನ್ನೇ ನಂಬಲಿಲ್ಲ.

"ನಮ್ ಮದ್ವೇಲಿ ಮೇಳದೋರು ಬಂದಿರ್ಲಿಲ್ಲ. ರಾಯದುರ್ಗದ ಬಸ್ಸು ದಾರೀಲಿ ಕೆಟ್ಟು ನಿಂತಿತ್ತು. ನಿಮ್ಮ ತಮ್ಮ ತಂಬಿಗೆ ಬಡಿದ, ನೀವು ತಾಳಿ ಕಟ್ಟಿದ್ರಿ. ತಂಬಿಗೆ ಮದ್ವೆ ಅಂತ ಊರಾಗೆ ಎಷ್ಟು ವರ್ಷ ಆಡ್ಕಂಡ್ರು ನನ್ನ! ಇವತ್ತು ಬೆಳಿಗ್ಗೆ ನೀವು ಪಕ್ಕದಲ್ಲಿದ್ದಾಗ ಗಟ್ಟಿಮೇಳ ಆತು. ನಂಗೆ ಎಷ್ಟು ಸಂತೋಷ ಆತು ಅಂತ ನಿಮಗೆ ಗೊತ್ತಾಗಲ್ಲ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೊದ್ಸಿ ಶಾಲು. ಮಾತು ಕೊಟ್ಟೀರಿ."

ಕೊಟ್ಟೂರಪ್ಪನವರು ಆರತಿ ತಟ್ಟೆ ಇಸಿದುಕೊಂಡು ಹೆಂಡತಿಯ ಕೈಗೆ ಕೊಟ್ಟರು. ಅಳಿಯನನ್ನು ತೋಳು ಹಿಡಿದು ವೇದಿಕೆಯ ನಡುವೆ, ಮದುಮಕ್ಕಳು ಎದ್ದುಹೋದ ಜಾಗದಲ್ಲೇ ನಿಲ್ಲಿಸಿದರು. ಶಾಲು ಹೊದಿಸಿದರು. ಇದ್ದಬದ್ದವರ ಮುಂದೆ ಗಂಟಲು ಸರಿಮಾಡಿಕೊಂಡು, "ನಮ್ ದೊಡ್ಡಳಿಯ, ಇಂಜಿನಿಯರ್ ಓಂಕಾರಮೂರ್ತಿ" ಎಂದರು.

ಓಂಕಾರಮೂರ್ತಿಯ ಕಣ್ಣು ತುಂಬಿ ಬಂತು. ಬಗ್ಗಿ ಮಾವನ ಪಾದ ಮುಟ್ಟಿದ. ಏಳುವಾಗ ಸೊಂಟ ಹಿಡಿದುಕೊಂಡಿತು. ಆಸರೆಗೆಂದು ಪಕ್ಕದಲ್ಲಿದ್ದುದರ ಮೇಲೆ ಅಂಗೈ ಊರಿದ. ಪಕ್ಕದಲ್ಲಿದ್ದುದು ಕಂಪ್ಯೂಟರು. ಅಂಗೈ ಬಿದ್ದದ್ದು ಹೂಮಳೆಯ ಮೇಲೆ.

ಫ್ಯಾನು ತಿರುಗಿತು, ಮಾವ ಅಳಿಯ ಇಬ್ಬರ ತಲೆಯ ಮೇಲೂ ಗುಲಾಬಿ ಎಸಳು ಸುರಿದವು. ಬಲ್ಬ್ ಹತ್ತಿ ನಿಂತಿತು. ತಿಪ್ಪೇಸ್ವಾಮಿ ಕೊಟ್ಟ ಮಾತಿನಂತೆ ಊದಿದ. ಊಟದ ಹಾಲಿನ ಬಾಗಿಲಲ್ಲಿ ನಿಂತಿದ್ದ ನಮ್ಮ ಕೈ ಮತ್ತೆ ಸುಮ್ಮನಿರಲಿಲ್ಲ. ಅಕ್ಷತೆ ಮುಗಿದಿತ್ತು ನಿಜ, ಚಿತ್ರಾನ್ನವೂ ಹಳದಿಯೇ.

ಎಲೆ ಅಡಿಕೆ ಹಾಕಿಕೊಳ್ಳುತ್ತ ಹೊರಗಿಂದ ಬಂದ ಮುರುಗೇಂದ್ರಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು. "ಇದ್ಯಾರ್ದಮ್ಮಾ ಮದ್ವೆ?"

ದಾಕ್ಷಾಯಿಣಿ ಗಂಡನ ಕಿವಿಯ ಮೇಲಿದ್ದ ಕಡ್ಲೆಬೇಳೆ ತೆಗೆದು ಹೇಳಿದಳು: "ನಮ್ಮಪ್ಪಂದೂ ನಮ್ಮನೆಯೋರ್ದೂ. ಇನ್ನ ಮ್ಯಾಲೆ ಮಂಚ ಯಾರಿಗೆ, ಚಾಪೆ ಯಾರಿಗೆ ಅಂತ ಅವರವರೇ ನೋಡ್ಕಂತಾರೆ."